ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ?


*ಇಂದಿನ ಧಮ್ಮ ಚಿಂತನೆ*



ಈ ವಾರದ ಸರದಿ ನನ್ನದು. ಸಮ್ಮಾ ಆಜೀವ, ಅಂದರೆ ಸರಿಯಾದ ಜೀವನೋಪಾಯದ ಬಗ್ಗೆ ಬರೆಯುತ್ತೇನೆ ಎಂದು ಕಳೆದ ಭಾನುವಾರ ಒಪ್ಪಿಕೊಂಡಿದ್ದೆ. ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನಿಂದ ವಾಟ್ಸಾಪ್‌ನಲ್ಲಿ ಉದ್ದನೆಯ ಧ್ವನಿ ಸಂದೇಶ ಬಂತು. ಅದನ್ನು ಕೇಳಿದ ಮೇಲೆ ಟಿಪ್ಪಣಿ ಪಕ್ಕಕ್ಕಿಟ್ಟೆ. ಇವತ್ತಿನ ಬರಹ ಸ್ವಲ್ಪ ದೀರ್ಘವಾಗಿದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಓದಿ.

ಹದಿನೈದು ವರ್ಷದ ಹಿಂದೆ ನಾನು ಅಂಕೋಲೆ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಈ ಹುಡುಗ ಆಗ ಒಂಬತ್ತನೇ ತರಗತಿ. ಕರಾವಳಿಯ ಎಷ್ಟೋ ಹುಡುಗರಂತೆ ಇವನೂ ಈಗ ಪ್ರವಾಸಿ ಹಡಗೊಂದರಲ್ಲಿ ಕೆಲಸಕ್ಕಿದ್ದಾನೆ. ಕೆಲಸ ಲಾಂಡ್ರಿಯಲ್ಲಿ. ಹಡಗಿನ ಹೊಟ್ಟೆಯೊಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಪ್ರಯಾಣಿಕರ ಬಟ್ಟೆ ಒಗೆದು ಇಸ್ತ್ರಿ ಮಾಡುವುದು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಫೋನ್ ಮಾಡುತ್ತಾನೆ. ಈಗಲೂ ನನ್ನನ್ನು ಅಲ್ಲಿನ ರೂಢಿಯಂತೆ 'ಅಕ್ಕೋರೇ' ಎಂದೇ ಕರೆಯುತ್ತಾನೆ.

ಕಳೆದ ಫೆಬ್ರವರಿಯಲ್ಲಿ ಅವನ ಹಡಗು ಒಂದು ದಿನದ ಮಟ್ಟಿಗೆ ಜಾಂಜಿಬಾರ್‌ನಲ್ಲಿ ನಿಂತಿತ್ತು. ಜಾಂಜಿಬಾರ್ ಆಫ್ರಿಕದ ಪೂರ್ವ ಕರಾವಳಿಯ ಆಚೆ ಹಿಂದೂ ಮಹಾಸಾಗರದಲ್ಲಿರುವ ದ್ವೀಪ. ಇಂದು ಟಾಂಜಾನಿಯಾ ದೇಶದ ಭಾಗ. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 6 ಡಿಗ್ರಿ. ಫೆಬ್ರವರಿ ಅಲ್ಲಿ ಕಡು ಬೇಸಿಗೆ. ಪ್ರಯಾಣಿಕರಿಗೆ ಸಂಜೆಯವರೆಗೆ ಸಮಯವಿತ್ತು. ಇವನಿಗೆ ಎರಡು ಪಾಳಿಗಳ ನಡುವೆ ಸಿಕ್ಕಿದ್ದು ನಾಲ್ಕು ಗಂಟೆ. ಜೊತೆಯ ಹುಡುಗರು ವೈಫೈ ಇರುವ ಅಂಗಡಿ ಹುಡುಕಿಕೊಂಡು ಹೋದರು. ಇವನು ಊರು ನೋಡಲು ನಡೆದ.

"ಅಕ್ಕೋರೇ, ನಮ್ಮೂರ ಏಪ್ರಿಲ್ ಸೆಕೆ ಇದೆಯಲ್ಲ, ಅದೇ. ಹಡಗಿಂದ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತು. ತೆಂಗಿನ ಮರ, ಮಾವಿನ ಮರ, ಹಲಸು. ಜನ ಚಪಾತಿಯನ್ನು ಚಪಾತಿ ಅಂತಲೇ ಅಂತಾರೆ. ಅಂಗಡಿಗೆ ದುಕಾ ಅಂತಾರೆ. ನಾನು ಎಲ್ಲಿಗೂ ಬಂದಿಲ್ಲವೇನೋ ಅನ್ನಿಸಿತು."

ಇನ್ನೊಂದು ಮಾತು ಹೇಳಿದ. ತರಗತಿಯಲ್ಲಿ ಅವನ ಪಕ್ಕ ಕೂರುತ್ತಿದ್ದವನು ಘಟ್ಟದ ಕಡೆಯ ಸಿದ್ದಿ ಹುಡುಗ. ಅವನು ಓದು ಬಿಟ್ಟ ಮೇಲೆ ಎಲ್ಲಿ ಹೋದನೋ ಇವನಿಗೆ ಗೊತ್ತಿಲ್ಲ. "ಇಲ್ಲಿ ಬೀದಿ ಬೀದಿಯಲ್ಲಿ ಅವನ ಮುಖ ಕಂಡಿತು ಅಕ್ಕೋರೇ. ಒಬ್ಬನನ್ನು ಹೆಸರು ಹಿಡಿದು ಕೂಗಿಯೇಬಿಡುತ್ತಿದ್ದೆ."

ಇದರಲ್ಲಿ ಆಶ್ಚರ್ಯವಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡದ ಕಾಡುಗಳಲ್ಲಿ ಬಾಳುತ್ತಿರುವ ಸಿದ್ದಿಗಳ ಪೂರ್ವಜರಲ್ಲಿ ಬಹಳಷ್ಟು ಜನ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದ ಪೂರ್ವ ಕರಾವಳಿಯಿಂದ ಗೋವೆಗೆ ಗುಲಾಮರಾಗಿ ಬಂದವರು. ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಹೀಗೆ ನನ್ನ ವಿದ್ಯಾರ್ಥಿ ಸಮುದ್ರದಾಚೆ ಹೋಗಿ ತನ್ನ ಬೆಂಚಿನ ಗೆಳೆಯನನ್ನು ನೆನೆದ.

ಅವನ ನಾಲ್ಕು ಗಂಟೆಯಲ್ಲಿ ಹೆಚ್ಚು ಹೊತ್ತು ಕಳೆದದ್ದು ಹಳೆಯ ಗುಲಾಮರ ಮಾರುಕಟ್ಟೆ ಇದ್ದ ಜಾಗದಲ್ಲಿ. 1873ರ ಜೂನ್‌ನಲ್ಲಿ ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ ಬರ್ಗಾಶ್ ಆ ಮಾರುಕಟ್ಟೆಯನ್ನು ಮುಚ್ಚಿದ. ಅದೇ ವರ್ಷ ಆ ಜಾಗದಲ್ಲಿ ಕ್ರೈಸ್ತರ ದೊಡ್ಡ ಚರ್ಚು ಕಟ್ಟಲು ತೊಡಗಿದರು. ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ ಎಲ್ಲಿತ್ತೆಂದು ಹೇಳುತ್ತಾರೋ ಅಲ್ಲಿ ಈಗ ಪೂಜಾಪೀಠವಿದೆ. ಹೊರಗೆ, ನೆಲದಲ್ಲಿ ತೋಡಿದ ಗುಂಡಿಯಲ್ಲಿ, ಐದು ಮನುಷ್ಯಾಕೃತಿಗಳು ನಿಂತಿವೆ. ಸ್ವೀಡನ್‌ನ ಕಲಾವಿದೆ ಕ್ಲಾರಾ ಸೋರ್ನಾಸ್ ಮಾಡಿದ್ದು. ಕುತ್ತಿಗೆಗೆ ಪಟ್ಟಿ, ಒಬ್ಬರಿಂದೊಬ್ಬರಿಗೆ ಸರಪಳಿ. ನೋಡುವವರು ಮೇಲೆ ನಿಂತು ತಲೆ ಬಗ್ಗಿಸಿ ನೋಡಬೇಕು.

ಆ ಹೊತ್ತಿಗೆ ಹಡಗಿನ ಪ್ರಯಾಣಿಕರ ಒಂದು ಗುಂಪು ಎಸಿ ಬಸ್ಸಿನಿಂದಿಳಿದು ಬಂತು. ಟೋಪಿ, ನೀರಿನ ಬಾಟಲಿ, ಬೀಸಣಿಗೆ. ಸೆಕೆ ತಡೆಯಲಾಗದೆ ಗೊಣಗುತ್ತಿದ್ದರು. ಗುಂಡಿಯ ಸುತ್ತ ನಿಂತು ಫೋಟೋ ತೆಗೆದರು. ಅವರಲ್ಲಿ ಇಬ್ಬರು ಮೂವರ ಅಂಗಿಯ ಗುರುತು ಇವನಿಗೆ ಹತ್ತಿತು. ಹಿಂದಿನ ರಾತ್ರಿ ಇವನೇ ಇಸ್ತ್ರಿ ಮಾಡಿದ ಅಂಗಿಗಳು. ಮುಖ ಯಾರದೋ ತಿಳಿಯದು, ಕಾಲರ್ ಗೊತ್ತು. ಅವರು ಇವನನ್ನು ಗುರುತಿಸುವ ಪ್ರಶ್ನೆಯೇ ಇರಲಿಲ್ಲ. "ನಾನೂ ಒಂದು ಸೆಲ್ಫಿ ತೆಗೆದುಕೊಂಡೆ ಅಕ್ಕೋರೇ. ಆಮೇಲೆ ಅಳಿಸಿದೆ."

ಸಂದೇಶದ ಕೊನೆಗೆ ಅವನು ಕೇಳಿದ ಪ್ರಶ್ನೆ ಇದು: "ಈ ಕೆಲಸಕ್ಕೆ ಸೇರಲು ಏಜೆಂಟರಿಗೆ ಕೊಟ್ಟ ಹಣ ಬಡ್ಡಿ ಸಾಲ. ನನ್ನನ್ನು ಯಾರೂ ಕಟ್ಟಿ ಹಾಕಿಲ್ಲ. ಸಂಬಳ ಸರಿಯಾಗಿ ಬರ್ತದೆ, ಊಟ ಇದೆ, ರಜೆ ಇದೆ. ಆದರೆ ಸಾಲ ತೀರುವವರೆಗೆ ಬಿಟ್ಟು ಬರುವ ಹಾಗಿಲ್ಲ. ಹಾಗಾದರೆ ನಾನು ಯಾವ ಲೆಕ್ಕಕ್ಕೆ ಸೇರಿದವನು?"

ನಾನು ತಕ್ಷಣ ಉತ್ತರಿಸಿದೆ. ನೀನು ಸಹಿ ಹಾಕಿ ಹೋದವನು, ಅವರನ್ನು ಹೊತ್ತು ತಂದದ್ದು. ನಿನಗೆ ತಿರುಗಿ ಬರುವ ಟಿಕೆಟ್ಟಿದೆ, ಅವರ ಮಕ್ಕಳೂ ಅವರದಾಗಿರಲಿಲ್ಲ. ಎರಡನ್ನೂ ಒಂದೇ ಎನ್ನಬೇಡ, ಅದು ಸತ್ತವರಿಗೆ ಮಾಡುವ ಅಪಚಾರ ಎಂದು ಹೇಳಿದೆ. ಈ ಉತ್ತರ ಸರಿಯಾದದ್ದೇ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಉತ್ತರ ಹೇಳಿ ಮುಗಿಸಿದ ಮೇಲೂ ಆ 'ಲೆಕ್ಕ' ಎಂಬ ಮಾತು ತಲೆಯಿಂದ ಹೋಗಲಿಲ್ಲ.

ಅವನು ಕೆಲವು ಫೋಟೋ ಕಳಿಸಿದ್ದ. ಒಂದರಲ್ಲಿ ಬಂದರಿನ ಎದುರಿಗೇ ಇರುವ ಬಹಳ ಚೆಂದದ ಕಟ್ಟಡ, ಕುಸುರಿ ಕೆತ್ತನೆಯ ಮರದ ಮೊಗಸಾಲೆಗಳು. ಇದೇನೆಂದು ಹುಡುಕಿ ಓದಿದೆ. ಥಾರಿಯಾ ಥೋಪನ್ ಎಂಬ ಕಛ್ ಮೂಲದ ವ್ಯಾಪಾರಿ ಬಡವರ ಆಸ್ಪತ್ರೆಗೆಂದು 1887ರಲ್ಲಿ ಅಡಿಗಲ್ಲು ಹಾಕಿಸಿದ್ದು. ಒಳ್ಳೆಯ ದಾನ. ಅವರಿಗೆ ಬ್ರಿಟನ್ನಿನ 'ಸರ್' ಪದವಿಯೂ ಸಿಕ್ಕಿತ್ತು. ಮುಂದೆ ಓದಿದಾಗ ತಿಳಿದದ್ದು: ಆಫ್ರಿಕದ ಒಳನಾಡಿಗೆ ಆನೆದಂತಕ್ಕಾಗಿ ದಂಡು ಕಟ್ಟಿಕೊಂಡು ಹೋಗುತ್ತಿದ್ದ, ಗುಲಾಮರ ವ್ಯಾಪಾರದಲ್ಲಿ ಕುಖ್ಯಾತನಾದ ಟಿಪ್ಪು ಟಿಪ್ ಎಂಬುವನಿಗೆ ಬಂಡವಾಳ ಒದಗಿಸಿದವರೂ ಇವರೇ. (ಹೆಸರು ಕೇಳಿ ಗೊಂದಲ ಬೇಡ. ನಮ್ಮ ಟಿಪ್ಪುವಿಗೂ ಇವನಿಗೂ ಯಾವ ಸಂಬಂಧವೂ ಇಲ್ಲ.)

ಆ ವ್ಯಾಪಾರ ನಡೆಯುತ್ತಿದ್ದ ಬಗೆ ಹೀಗೆ. ಒಳನಾಡಿಗೆ ಹೋಗುವ ದಂಡಿಗೆ ಬಟ್ಟೆ, ಮಣಿ, ತಂತಿ, ಬಂದೂಕು ಬೇಕು. ಅದನ್ನು ಸಾಲದ ಮೇಲೆ ಕೊಡುವವರು ಜಾಂಜಿಬಾರ್‌ನ ಭಾರತೀಯ ವ್ಯಾಪಾರಿಗಳು. ದಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆದು ದಂತವನ್ನೂ ಮನುಷ್ಯರನ್ನೂ ಹೊತ್ತು ಹಿಂತಿರುಗಿದಾಗ ಸಾಲ ತೀರುತ್ತದೆ. ಸಾಲ ಕೊಟ್ಟವರು ಅಂಗಡಿ ಬಿಟ್ಟು ಎದ್ದಿರುವುದಿಲ್ಲ. ಬಂದರಿನ ಸುಂಕದ ಗುತ್ತಿಗೆಯನ್ನು ಹಲವು ದಶಕ ಹಿಡಿದಿದ್ದದ್ದು ಜೈರಾಮ್ ಶಿವಜಿಯವರ ವ್ಯಾಪಾರಿ ಮನೆತನ, ಕಛ್‌ನ ಭಾಟಿಯಾಗಳು, ಮಾಂಸ ಮುಟ್ಟದ ವೈಷ್ಣವರು. ಲವಂಗಕ್ಕೆ ಇಷ್ಟು, ದಂತಕ್ಕೆ ಇಷ್ಟು ಎಂಬಂತೆ ಗುಲಾಮರಿಗೂ ತಲೆಗಿಷ್ಟು ಎಂದು ಸುಂಕ ಬರೆದುಕೊಳ್ಳುತ್ತಿದ್ದರು. ಭಾರತೀಯರ ಮನೆಗಳಲ್ಲೂ ಗುಲಾಮರಿದ್ದರು. 1860ರಲ್ಲಿ ರಿಗ್ಬಿ ಎಂಬ ಬ್ರಿಟಿಷ್ ಅಧಿಕಾರಿ ಒತ್ತಾಯದಿಂದ ಅವರನ್ನು ಬಿಡಿಸಿದಾಗ ಲೆಕ್ಕ ಸಾವಿರಾರಕ್ಕೆ ಹೋಯಿತು.

ಒಂದು ಸಮುದಾಯವನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆಳುತ್ತಿದ್ದವರು ಒಮಾನಿನಿಂದ ಬಂದ ಅರಬರು. ದಂತ ಕೊಂಡವರು ಯುರೋಪು, ಅಮೆರಿಕದವರು. ಲವಂಗ ಎಲ್ಲರ ಅಡುಗೆಮನೆಗೂ ಹೋಯಿತು, ಬಹುಶಃ ನಮ್ಮ ಅಜ್ಜಿಯರ ಅಡುಗೆಮನೆಗೂ. ನನ್ನನ್ನು ಕಾಡಿದ್ದು ಬೇರೆ ವಿಷಯ. ಇವರಲ್ಲಿ ಬಹುತೇಕರು ಚಾಟಿ ಹಿಡಿದವರಲ್ಲ. ಯಾರನ್ನೂ ಬೈದಿರಲಿಕ್ಕಿಲ್ಲ. ಪೂಜೆ ಪ್ರಾರ್ಥನೆ ತಪ್ಪಿಸಿದವರಲ್ಲ. ಆಸ್ಪತ್ರೆ ಕಟ್ಟಿಸಿದರು. ಸಾಲ ಕೊಟ್ಟರು, ಲೆಕ್ಕ ಬರೆದರು, ಅಷ್ಟೇ.

ಸ್ವಹಿಲಿ ಭಾಷೆಯಲ್ಲಿ ನಮ್ಮ 'ಹುಂಡಿ' ಪದ ಇದೆಯಂತೆ, ಹಣದ ಪತ್ರ ಎಂಬ ಅರ್ಥದಲ್ಲಿ. ಲಕ್ಷಕ್ಕೆ 'ಲಕಿ'. ನಮ್ಮ ಜನ ಅಲ್ಲಿ ಬಿಟ್ಟು ಬಂದ ಪದಗಳಲ್ಲಿ ಎಣಿಕೆಯ ಪದಗಳೂ ಇವೆ. ಕನ್ನಡದಲ್ಲಿ ಹುಂಡಿ ಎಂದರೆ ಸಾಹುಕಾರರ ಹಣದ ಪತ್ರವೂ ಹೌದು, ದೇವಸ್ಥಾನದ ಕಾಣಿಕೆ ಡಬ್ಬಿಯೂ ಹೌದು. ಒಂದರಿಂದ ಬಂದದ್ದು ಇನ್ನೊಂದಕ್ಕೆ ಬೀಳುವಾಗ ಯಾರೂ ಮೂಲ ಕೇಳುವುದಿಲ್ಲ.

ಆದರೆ ಭಗವಾನ್ ಬುದ್ಧರು ಕೇಳಿದ್ದಾರೆ. ಅಂಗುತ್ತರ ನಿಕಾಯದ ವಣಿಜ್ಜಾ ಸುತ್ತದಲ್ಲಿ ಉಪಾಸಕ ಮಾಡಬಾರದ ಐದು ವ್ಯಾಪಾರಗಳನ್ನು ಹೇಳುತ್ತಾರೆ: ಶಸ್ತ್ರ, ಮನುಷ್ಯರು, ಮಾಂಸ, ಮದ್ಯ, ವಿಷ. ನಾವು ಈ ಪಟ್ಟಿಯನ್ನು ಓದುವಾಗ ಎರಡನೆಯದನ್ನು ಬೇಗ ದಾಟಿ ಹೋಗುತ್ತೇವೆ. ಮದ್ಯ, ಮಾಂಸದ ಬಗ್ಗೆ ನಮ್ಮ ಭಾನುವಾರದ ಚರ್ಚೆ ಎಷ್ಟು ಹೊತ್ತು ನಡೆಯಿತು, ನೆನಪಿದೆಯಲ್ಲ? ಮನುಷ್ಯ ವ್ಯಾಪಾರ ಎಂದಾಗ ಯಾರೂ ಬಾಯಿ ತೆರೆಯಲಿಲ್ಲ. ಅದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡೆವು. ನಾನಂತೂ ಹಾಗೆಯೇ ಅಂದುಕೊಂಡಿದ್ದೆ, ಅದಕ್ಕೆ ನನ್ನದೇ ಕಾರಣವಿತ್ತು.

ನನ್ನ ಅಜ್ಜ ಜೀತದಾಳಾಗಿದ್ದವರು. ನಮ್ಮಲ್ಲಿ ಕೆಲವರಿಗೆ ಇದು ಗೊತ್ತು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅಷ್ಟರೊಳಗೆ ಅವರ ಬೆನ್ನು ಬಾಗಿತ್ತು. ಎಷ್ಟು ಸಾಲಕ್ಕೆ ಅವರು ಆ ಮನೆಯಲ್ಲಿ ದುಡಿದರೆಂದು ನಮ್ಮಲ್ಲಿ ಯಾರಿಗೂ ತಿಳಿಯದು. ಅವರಿಗೇ ತಿಳಿದಿರಲಿಲ್ಲ. ಲೆಕ್ಕದ ಪುಸ್ತಕ ಧಣಿಯ ಮನೆಯಲ್ಲಿತ್ತು, ಅಜ್ಜನಿಗೆ ಓದು ಬರುತ್ತಿರಲಿಲ್ಲ. ಇಂಥ ಮನೆಯಿಂದ ಬಂದ ನಾನು ಮನುಷ್ಯ ವ್ಯಾಪಾರದ ಮಾತು ಬಂದಾಗಲೆಲ್ಲ ನನ್ನನ್ನು ಗುಂಡಿಯೊಳಗೆ ನಿಂತವರ ಜೊತೆಗೇ ಎಣಿಸಿಕೊಳ್ಳುತ್ತಿದ್ದೆ.

ಈಗ ನನ್ನ ಮನೆಯ ವಿಷಯ.

ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ನನಗಿಂತ ಹಿರಿಯರು. ನಾನು ಅವರನ್ನು ಅಕ್ಕ ಎಂದು ಕರೆಯುತ್ತೇನೆ. ಎರಡು ವರ್ಷದ ಹಿಂದೆ ಅವರ ಗಂಡನ ಆಪರೇಷನ್ನಿಗೆ ನಲವತ್ತು ಸಾವಿರ ಕೊಟ್ಟೆ. ಬಡ್ಡಿ ಇಲ್ಲ. ತಿಂಗಳ ಸಂಬಳ ಮೂರೂವರೆ ಸಾವಿರದಲ್ಲಿ ಒಂದು ಸಾವಿರ ಮುರಿದುಕೊಳ್ಳುವುದೆಂದು ಮಾತಾಯಿತು. ಹಳೆಯ ಡೈರಿಯ ಹಿಂದಿನ ಪುಟದಲ್ಲಿ ಬರೆದಿಡುತ್ತಾ ಬಂದೆ. ಕೊಡುವಾಗ ನನ್ನ ಮನಸ್ಸಿನಲ್ಲಿದ್ದದ್ದು ಕರುಣೆಯೇ, ಅದರಲ್ಲಿ ಸಂಶಯವಿಲ್ಲ.

ಎರಡು ತಿಂಗಳ ಹಿಂದೆ ಅಕ್ಕನಿಗೆ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೆಲಸ ಸಿಗುವುದಿತ್ತು. ತಿಂಗಳಿಗೆ ಒಂಬತ್ತು ಸಾವಿರ. ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆ, ವಿಷಯ ಹೇಳಿದರು. ನಾನು ಬೇಡ ಎನ್ನಲಿಲ್ಲ. ನಗುತ್ತಲೇ ಹೇಳಿದೆ: "ಹೋಗಿ ಅಕ್ಕ, ಒಳ್ಳೆಯದೇ ಆಯ್ತು. ಉಳಿದ ಹದಿನೇಳು ಸಾವಿರದ ಲೆಕ್ಕ ಒಂದು ಮುಗಿಸಿ ಹೋಗಿ."

ಅವರು ಹೋಗಲಿಲ್ಲ. ಆ ಕೆಲಸ ಬೇರೆಯವರಿಗೆ ಹೋಯಿತು. ನನಗೆ ಸಮಾಧಾನವಾಯಿತು. ಪರೀಕ್ಷೆಯ ದಿನಗಳು, ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಹೊಸಬರನ್ನು ಎಲ್ಲಿ ಹುಡುಕುವುದು? ಆ ಸಂಜೆಯೂ ಎಂದಿನಂತೆ ಇಪ್ಪತ್ತು ನಿಮಿಷ ಮೆತ್ತಾ ಧ್ಯಾನಕ್ಕೆ ಕುಳಿತೆ. ಮನಸ್ಸು ಚೆನ್ನಾಗಿಯೇ ನಿಂತಿತ್ತು.

ವಿದ್ಯಾರ್ಥಿಯ ಸಂದೇಶ ಕೇಳಿದ ರಾತ್ರಿ ಆ ಡೈರಿ ತೆಗೆದು ನೋಡಿದೆ. ಇಪ್ಪತ್ತಮೂರು ಸಾಲುಗಳು, ನನ್ನದೇ ದುಂಡನೆಯ ಅಕ್ಷರ. ಆಗ ಒಂದು ಸಣ್ಣ ಲೆಕ್ಕ ಮಾಡಿದೆ. ಹಾಸ್ಟೆಲ್ಲಿನ ಕೆಲಸಕ್ಕೆ ಹೋಗಿದ್ದರೆ ಅಕ್ಕನಿಗೆ ತಿಂಗಳಿಗೆ ಐದೂವರೆ ಸಾವಿರ ಹೆಚ್ಚು ಬರುತ್ತಿತ್ತು. ಆ ಹೆಚ್ಚಿನ ಹಣದಿಂದಲೇ ಮೂರು ತಿಂಗಳು ಚಿಲ್ಲರೆಯಲ್ಲಿ ನನ್ನ ಸಾಲ ತೀರುತ್ತಿತ್ತು. ನನ್ನ ಮನೆಯಲ್ಲಿದ್ದರೆ ಇನ್ನೂ ಹದಿನೇಳು ತಿಂಗಳು. ಅಂದರೆ ಹಣ ಬೇಗ ವಾಪಸು ಬರಬೇಕೆಂದಿದ್ದರೆ ನಾನೇ ಅವರನ್ನು ಕಳಿಸಿಕೊಡಬೇಕಿತ್ತು. ಎರಡು ವರ್ಷ ತಪ್ಪದೆ ಲೆಕ್ಕ ಬರೆದ ನಾನು ಈ ಲೆಕ್ಕವನ್ನು ಮಾತ್ರ ಮಾಡಿರಲಿಲ್ಲ. ನನಗೆ ಬೇಕಾಗಿದ್ದದ್ದು ಹಣವಾಗಿರಲಿಲ್ಲ.

ಅಜ್ಜನ ಧಣಿಯ ಮನೆಯಲ್ಲಿದ್ದ ಪುಸ್ತಕ ಈಗ ನಮ್ಮ ಮನೆಯಲ್ಲಿದೆ ಎಂದು ಆಗ ಹೊಳೆಯಿತು.

ಮಿತ್ರರೇ, ಕೊಟ್ಟ ಹಣವನ್ನು ಕೇಳುವುದು ತಪ್ಪಲ್ಲವಲ್ಲ ಎಂದು ನೀವು ಕೇಳಬಹುದು. ತಪ್ಪಲ್ಲ. ಸಾಲ ತೀರಿಸಬೇಕಾದದ್ದೇ. ಸಾಲವಿಲ್ಲದಿರುವುದನ್ನು ಬುದ್ಧರು ಗೃಹಸ್ಥರ ನಾಲ್ಕು ಸುಖಗಳಲ್ಲಿ ಒಂದೆಂದು ಎಣಿಸಿದ್ದಾರೆ. ಆದರೆ ಹಣ ನನ್ನದು, ಅಕ್ಕನ ಕಾಲು ನನ್ನದಲ್ಲ. 'ನನ್ನ ಹಣ ಕೊಡಿ' ಎನ್ನುವುದು ಒಂದು ಮಾತು, 'ಕೊಡುವವರೆಗೆ ಇಲ್ಲಿಂದ ಕದಲಬೇಡಿ' ಎನ್ನುವುದು ಇನ್ನೊಂದು. ಎರಡರ ನಡುವಿನ ಗೆರೆ ಬಹಳ ತೆಳು. ನಾನು ಅದನ್ನು ನಗುತ್ತಲೇ ದಾಟಿದೆ.

ಉದ್ದೇಶ ಒಳ್ಳೆಯದಿತ್ತಲ್ಲ, ಚೇತನವೇ ಕರ್ಮ ಅಲ್ಲವೇ ಎಂದೂ ಕೇಳಬಹುದು. ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಚೇತನ ಒಮ್ಮೆ ಹಚ್ಚಿ ಬಿಟ್ಟರೆ ಉರಿಯುತ್ತಲೇ ಇರುವ ದೀಪವಲ್ಲ. ಕೊಡುವ ಮೊದಲು, ಕೊಡುವಾಗ, ಕೊಟ್ಟ ಮೇಲೆ, ಈ ಮೂರೂ ಕಾಲದಲ್ಲಿ ಮನಸ್ಸು ಪ್ರಸನ್ನವಾಗಿರಬೇಕು ಎಂದು ದಾನದ ಬಗ್ಗೆ ಹೇಳಿರುವುದು ಇದಕ್ಕೇ. ನಲವತ್ತು ಸಾವಿರ ಕೊಟ್ಟ ದಿನದ ಮನಸ್ಸು ಬೇರೆ, 'ಮುಗಿಸಿ ಹೋಗಿ' ಎಂದ ದಿನದ ಮನಸ್ಸು ಬೇರೆ. ಮೊದಲನೆಯದು ಎರಡನೆಯದರ ಪರವಾಗಿ ಸಾಕ್ಷಿ ಹೇಳಲಾರದು. ಆ ಚೆಂದದ ಆಸ್ಪತ್ರೆಯೂ ದಂಡಿಗೆ ಕೊಟ್ಟ ಸಾಲದ ಪರವಾಗಿ ಸಾಕ್ಷಿ ಹೇಳಲಾರದು. ಹಾಗೆಂದು ಆಸ್ಪತ್ರೆಯಲ್ಲಿ ಔಷಧಿ ಪಡೆದವರ ನೋವು ಇಳಿದದ್ದೂ ಸುಳ್ಳಲ್ಲ. ಒಂದನ್ನು ಇನ್ನೊಂದರಿಂದ ಕಳೆಯಲು ಬರುವುದಿಲ್ಲ.

ಅಂಗುತ್ತರ ನಿಕಾಯದಲ್ಲೇ ಇಣ ಸುತ್ತ ಎಂಬುದೊಂದಿದೆ. ಇಣ ಅಂದರೆ ಋಣ, ಸಾಲ. ಬಡತನ, ಸಾಲ, ಬಡ್ಡಿ, ತಗಾದೆ, ಬೆನ್ನು ಹತ್ತುವುದು, ಬಂಧನ ಎಂದು ಅದರಲ್ಲಿ ಆರು ದುಃಖಗಳು ಮೆಟ್ಟಿಲಿನಂತೆ ಬರುತ್ತವೆ. ಮೊದಲ ಬಾರಿ ಓದಿದಾಗ ನನಗೆ ಅಜ್ಜನೇ ಕಣ್ಣ ಮುಂದೆ ಬಂದಿದ್ದರು. ಈ ಸಲ ಸುತ್ತದ ಎರಡನೆಯ ಭಾಗವನ್ನೂ ಗಮನವಿಟ್ಟು ಓದಿದೆ. ಅಲ್ಲಿ ಬುದ್ಧರು ಇನ್ನೊಂದು ಬಗೆಯ ಬಡವರ ಮಾತೆತ್ತುತ್ತಾರೆ. ಕುಶಲದಲ್ಲಿ ಶ್ರದ್ಧೆಯಿಲ್ಲದವರು, ಹಿರಿ ಒತ್ತಪ್ಪಗಳಿಲ್ಲದವರು, ಅಂದರೆ ತಪ್ಪು ಮಾಡಲು ನಾಚಿಕೆಯೂ ಅಂಜಿಕೆಯೂ ಇಲ್ಲದವರು. ನಮ್ಮ ಅಡುಗೆಮನೆಯಲ್ಲಿ ಆ ದಿನ ಬಡವರು ಯಾರಾಗಿದ್ದರು ಎಂದು ನನ್ನನ್ನು ನಾನೇ ಕೇಳಿಕೊಂಡೆ.

ಹಡಗಿನ ಪ್ರಯಾಣಿಕರನ್ನು ನೆನೆದು ಮೊದಲು ನನಗೆ ಸಿಟ್ಟು ಬಂದಿತ್ತು. ಆರೇಳು ಗಂಟೆ ಸೆಕೆಯಲ್ಲಿ ಸುತ್ತಿ, ಫೋಟೋ ತೆಗೆದು, ತಣ್ಣನೆಯ ಕೋಣೆಗೆ ಹಿಂದಿರುಗುವ ಜನ ಎಂದುಕೊಂಡೆ. ಈಗ ಹಾಗೆ ಅನ್ನಲಾರೆ. ಪರದೇಶದ, ನೂರೈವತ್ತು ವರ್ಷದ ಹಿಂದಿನ ಗುಂಡಿಯ ಅಂಚಿಗೆ ಅವರು ಅಷ್ಟಾದರೂ ಹೊತ್ತು ನಿಂತರು. ನಾನು ದಿನವೂ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತೆರೆದು ಒಳಗೆ ಕರೆಯುವವರನ್ನು ಎರಡು ವರ್ಷ ನೋಡಲಿಲ್ಲ.

ಮರುದಿನ ಅಕ್ಕನನ್ನು ಕೂರಿಸಿ ಹೇಳಿದೆ. ಕೆಲಸ ಬೇರೆ, ಸಾಲ ಬೇರೆ. ಇನ್ನು ಸಂಬಳದಲ್ಲಿ ಏನೂ ಮುರಿಯುವುದಿಲ್ಲ. ನಿಮಗೆ ಅನುಕೂಲವಾದಾಗ, ಅನುಕೂಲವಾದಷ್ಟು ಕೊಡಿ. ಎಲ್ಲಿ ಒಳ್ಳೆಯ ಕೆಲಸ ಸಿಕ್ಕರೂ ಅದೇ ದಿನ ಹೋಗಬಹುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಇಷ್ಟೇ ಅಂದರು: "ಈ ಮಾತು ಅವತ್ತು ಹೇಳಿದ್ರೆ ಚಲೋ ಇತ್ತು ಟೀಚರ್."

ಹೌದು. ಆ ಹಾಸ್ಟೆಲ್ಲಿನ ಕೆಲಸ ತಿರುಗಿ ಬರುವುದಿಲ್ಲ. ಆ ಮಾತನ್ನು ಕೇಳಿಸಿಕೊಂಡು ಕೂರುವುದೇ ನನ್ನ ಪಾಲಿಗೆ ಬಂದ ಫಲ. ಅಕ್ಕ ಈಗಲೂ ಬರುತ್ತಿದ್ದಾರೆ. ಬೇರೆ ಕೆಲಸ ಹುಡುಕುತ್ತಿದ್ದಾರೆ, ನಾನೂ ಇಬ್ಬರು ಮೂವರಿಗೆ ಹೇಳಿಟ್ಟಿದ್ದೇನೆ. ಸಿಕ್ಕರೆ ನಮ್ಮ ಮನೆಯಲ್ಲಿ ತೊಂದರೆಯಾಗುತ್ತದೆ. ಆಗಲಿ.

ವಿದ್ಯಾರ್ಥಿಗೆ ಎರಡನೆಯ ಉತ್ತರ ಕಳಿಸಿದೆ. ನೀನು ಗುಲಾಮನಲ್ಲ, ಆದರೆ ನಿನ್ನ ಪ್ರಶ್ನೆ ಸರಿಯಾದ ಪ್ರಶ್ನೆ. ಸಾಲ ಎಷ್ಟು, ಬಡ್ಡಿ ಎಷ್ಟು, ತೀರಿದ್ದೆಷ್ಟು ಎಂಬುದನ್ನು ನಿನ್ನ ಕೈಯಲ್ಲೇ ಒಂದು ಪುಸ್ತಕದಲ್ಲಿ ಬರೆದಿಡು. ಪುಸ್ತಕ ಕೊಟ್ಟವನ ಮನೆಯಲ್ಲಿ ಮಾತ್ರ ಇರಬಾರದು ಎಂದು ಹೇಳಿದೆ. ನನ್ನ ಡೈರಿಯ ವಿಷಯವನ್ನೂ ಹೇಳಿದೆ. ಅವನು ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಒಂದು ಪ್ರಶ್ನೆ ಬಂತು: "ಅಕ್ಕೋರೇ, ಆ ಸಿದ್ದಿ ಹುಡುಗನ ಫೋನ್ ನಂಬರ್ ಎಲ್ಲಾದರೂ ಸಿಕ್ಕೀತೇ?" ಹಳೆಯ ಶಾಲೆಗೆ ಫೋನ್ ಮಾಡಿ ವಿಚಾರಿಸುತ್ತಿದ್ದೇನೆ.

*ಇಂದಿನ ಅಭ್ಯಾಸ:* ಇವತ್ತು ರಾತ್ರಿ ಮೆತ್ತಾ ಧ್ಯಾನಕ್ಕೆ ಕೂರುವ ಮೊದಲು ಐದು ನಿಮಿಷ ನಮ್ಮ ನಮ್ಮ ಲೆಕ್ಕದ ಪುಸ್ತಕ ತೆರೆಯೋಣ. ಅದು ಡೈರಿಯಾಗಿರಬಹುದು, ಮೊಬೈಲ್ ಆಗಿರಬಹುದು, ಬರೀ ಮನಸ್ಸಿನಲ್ಲಿರಬಹುದು. ಮನೆಗೆಲಸದವರು, ತೋಟದ ಆಳು, ಅಂಗಡಿಯ ಹುಡುಗ, ಉಪಕಾರ ಪಡೆದ ನೆಂಟರು. ನಾವು ಕೊಟ್ಟದ್ದರಿಂದಾಗಿ ನಮ್ಮನ್ನು ಬಿಟ್ಟು ಹೋಗಲಾರದವರು ಯಾರಾದರೂ ಅದರಲ್ಲಿ ಇದ್ದಾರೆಯೇ? ಇದ್ದರೆ ನಾಳೆ ಬೆಳಿಗ್ಗೆ ಅವರೊಂದಿಗೆ ಮಾತನಾಡೋಣ. ತಡವಾದರೆ ನಾನು ಕೇಳಿದ ಮಾತನ್ನೇ ನೀವೂ ಕೇಳಬೇಕಾಗುತ್ತದೆ.

ಬರೆದುದರಲ್ಲಿ ತಪ್ಪಿದ್ದರೆ ತಿದ್ದಿ. ಭಾನುವಾರ ಸಿಗೋಣ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ಸಾಧು, ಸಾಧು, ಸಾಧು 🙏